ಮೂರನೇ ಮಹಡಿಯ ಫ್ರಾಕು

ನಮ್ಮ ಅಂಗಡಿಯಲ್ಲಿ ಸೀರಿಯಲ್ ನೋಡುವುದಕ್ಕೆ ಒಂದು ಕಾನೂನಿತ್ತು. ಒಬ್ಬಳು ನೋಡಬೇಕು, ಮೂವರು ಹೊಲಿಯಬೇಕು. ನೋಡಿದವಳು ಬಾಯಿಬಿಟ್ಟು ಹೇಳಬೇಕು, ಹೊಲಿಯುವವರು ತಲೆ ಎತ್ತದೆ ಕೇಳಬೇಕು. ಈ ಕಾನೂನು ಮಾಡಿದವಳು ನಾನೇ, ಯಾಕೆಂದರೆ ಅಂಗಡಿ ನನ್ನದು, ಬೈಸಿಕೊಳ್ಳುವ ಮುಖವೂ ನನ್ನದು. ಒಂದು ಸಲ ಹಂಗಳದಿಂದ ಬಸ್ಸಿಗೆ ಬಂದು ಹೋಗುವ ನನ್ನ ಎರಡನೇ ಮಷೀನಿನವಳು ಮೊಬೈಲ್ ಕಡೆ ಕಣ್ಣು ನೆಟ್ಟುಕೊಂಡೇ ತುಳಿದು, ಮದುವೆ ಹುಡುಗಿಯ ಬ್ಲೌಸಿಗೆ ಎರಡೂ ಕಡೆ ಎಡದ ತೋಳನ್ನೇ ಕೂರಿಸಿಬಿಟ್ಟಿದ್ದಳು. ಹುಡುಗಿಯ ತಾಯಿ ಬಂದು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ನನಗೆ ಮಂಗಳಾರತಿ ಎತ್ತಿದಳು. ಅವತ್ತಿನಿಂದ ಕಾನೂನು ಜಾರಿಗೆ ಬಂತು.

ನೋಡುವ ಕೆಲಸ ಚೇಚಿಯ ಪಾಲಿಗೆ ಬಿತ್ತು. ಅವಳ ತವರು ಕೇರಳದ ಸುಲ್ತಾನ್ ಬತ್ತೇರಿ ಕಡೆ. ಮಲಯಾಳದಲ್ಲಿ ಅಕ್ಕನಿಗೆ ಚೇಚಿ ಅನ್ನುತ್ತಾರಲ್ಲ, ನನಗಿಂತ ಹತ್ತು ವರ್ಷ ಚಿಕ್ಕವಳಾದರೂ ಅಂಗಡಿಗೆ ಬಂದ ದಿನದಿಂದ ಅವಳು ನಮಗೆಲ್ಲ ಚೇಚಿಯೇ. ಹುಕ್ಕು ಹಾಕುವುದು, ಗುಂಡಿಗೆ ಕಾಜ ಹೊಲಿಯುವುದು ಅವಳ ಕೆಲಸ. ಕಣ್ಣು ಎಲ್ಲೇ ಇರಲಿ, ಅವಳ ಬೆರಳು ಹುಕ್ಕನ್ನು ಇರಬೇಕಾದ ಜಾಗದಲ್ಲೇ ಕೂರಿಸುತ್ತಿತ್ತು. ಸೀರಿಯಲ್ಲೂ ಮಲಯಾಳದ್ದು. ಗುಂಡ್ಲುಪೇಟೆಯವರಿಗೆ ತರಕಾರಿ ವ್ಯಾಪಾರದ ದೆಸೆಯಿಂದ ನಾಲ್ಕು ಮಾತು ಮಲಯಾಳ ಬರುತ್ತದೆ, ಸುಳ್ಳಲ್ಲ. ಆದರೆ ಬೀನ್ಸು ಟೊಮ್ಯಾಟೊ ಮಾರುವ ಮಲಯಾಳಕ್ಕೆ ಆ ಸೀರಿಯಲ್ ದಕ್ಕುವ ಹಾಗಿರಲಿಲ್ಲ.

ಚೇಚಿಗೆ ಚಾಮರಾಜನಗರದಲ್ಲಿ ಒಬ್ಬ ಮಗಳಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಬಚ್ಚಿಟ್ಟು ಕೊನೆಗೆ ಹೊರಗೆ ತೆಗೆಯುವ ಚಾಳಿ ನನಗಿಲ್ಲ. ಮಗು ನಾಲ್ಕು ವರ್ಷದ್ದಿದ್ದಾಗ ಚೇಚಿ ಗಂಡನ ಮನೆ ಬಿಟ್ಟು ಬಂದಳು. ಅಲ್ಲಿ ಏನಾಯಿತೆಂದು ಅವಳು ಹೇಳಲಿಲ್ಲ, ನಾನು ಕೆದಕಲಿಲ್ಲ. ಮಗುವನ್ನು ಅವರು ಕಳಿಸಲಿಲ್ಲ. ಒಂದು ವರ್ಷ ಬಿಟ್ಟು ನೋಡಲು ಹೋದಾಗ ಮಗು ಅಜ್ಜಿಯ ಸೆರಗು ಹಿಡಿದುಕೊಂಡು "ಇವ್ರು ಯಾರಜ್ಜಿ?" ಎಂದು ಕೇಳಿತಂತೆ. ಆಮೇಲೆ ಚೇಚಿ ಆ ಊರಿನ ಬಸ್ಸು ಹತ್ತಲಿಲ್ಲ. ಮಗಳು ತಾನಾಗಿ ಕರೆದರೆ ಹೋಗುತ್ತೇನೆ ಎಂದು ಒಂದೇ ಒಂದು ಸಲ ನನ್ನ ಹತ್ತಿರ ಹೇಳಿದ್ದಳು. ಮನೆ ಬಿಟ್ಟು ಎಂಟು ವರ್ಷವಾಗಿತ್ತು. ಇದು ನಮ್ಮ ಮೂವರಿಗೂ ಗೊತ್ತಿತ್ತು. ಗೊತ್ತಿದ್ದೂ ನಾವು ಮಾಡಿದ ಕೆಲಸ ನೋಡಿ.

ಆ ಸೀರಿಯಲ್ಲನ್ನು ಹತ್ತು ಜನ ನೋಡಿದರೆ ಒಂಬತ್ತು ಜನ ಬೈದು ಬಿಟ್ಟರಂತೆ, ಹತ್ತನೆಯವರು ಹುಚ್ಚು ಹಿಡಿಸಿಕೊಂಡರಂತೆ. ನಾವು ಹತ್ತನೆಯವರು. ಕಥೆ ಅಂದರೆ ಇಷ್ಟೇ: ಬೆಟ್ಟದ ಮೇಲೊಂದು ಲಾಡ್ಜು. ಅದರ ಮ್ಯಾನೇಜರ್ ಕಾಣೆಯಾಗಿದ್ದಾನೆ. ಹುಡುಕಲು ಬಂದ ಪೊಲೀಸಿನವನು ಮೂರನೇ ಕಂತಿನ ಹೊತ್ತಿಗೆ ತಾನೇ ಮ್ಯಾನೇಜರ್ ಆಗಿ ಕೌಂಟರಿನಲ್ಲಿ ಕೂತಿರುತ್ತಾನೆ, ಯಾರಿಗೂ ಅದು ವಿಚಿತ್ರ ಅನಿಸುವುದಿಲ್ಲ. ರೇಡಿಯೋ ನಾಳೆ ಬರುವ ಗಿರಾಕಿಗಳ ಹೆಸರು ಓದುತ್ತದೆ. ಲಿಫ್ಟಿನ ಬಾಗಿಲು ತೆರೆದರೆ ಒಳಗೆ ಒಂದು ಬಿಳೀ ಎತ್ತು ನಿಂತಿರುತ್ತದೆ. ಬಾಗಿಲು ಮುಚ್ಚಿಕೊಳ್ಳುತ್ತದೆ, ಎತ್ತು ಮೇಲಕ್ಕೆ ಹೋಗುತ್ತದೆ. ವಾರಕ್ಕೊಂದು ಕಂತು ಬಿಡುತ್ತಿದ್ದರು. ಶನಿವಾರ ಚೇಚಿ ಮೊಬೈಲನ್ನು ನೂಲಿನ ಡಬ್ಬಕ್ಕೆ ಒರಗಿಸಿ ಶುರು ಮಾಡಿದರೆ, ಮುಂದಿನ ಶುಕ್ರವಾರದವರೆಗೂ ನಮ್ಮದು ಅದೇ ಜಗಳ.

ಎತ್ತಿನ ವಿಷಯಕ್ಕೇ ಎರಡು ವಾರ ಹೋಯಿತು. ಹೆಮ್ಮಿಂಗ್ ಮಾಡುವ ಸಂತೆಮರಹಳ್ಳಿಯ ಅಕ್ಕ ವಿಭೂತಿ ಇಡದೆ ಸೂಜಿ ಮುಟ್ಟುವವಳಲ್ಲ. ಅವಳು ತಲೆ ಎತ್ತದೆಯೇ ತೀರ್ಪು ಕೊಟ್ಟಳು.

"ಅದು ಬಸವ ಕಣವ್ವಾ. ಶಿವ ಮೇಲ್ಗಡೆ ರೂಮಲ್ಲಿ ಅವ್ನೆ. ಬಸವ ಅಲ್ಲಿಗೇ ಓಯ್ತಾ ಅದೆ."

"ಶಿವ ಲಾಡ್ಜಲ್ಲಿ ಯಾಕಕ್ಕ ರೂಮ್ ಮಾಡ್ತಾನೆ? ಕೈಲಾಸ ಸೋರ್ತಾ ಅದಾ?" ಎಂದಳು ಹಂಗಳದವಳು. ಅವಳ ಮನೆ ಹಿತ್ತಲು ದಾಟಿದರೆ ಕಾಡು. "ದನ ಸಂಜೆ ಕೊಟ್ಟಿಗೆಗೆ ಬರ್ನಿಲ್ಲ ಅಂದ್ರೆ ಎರಡೇ ಲೆಕ್ಕ, ಇಲ್ಲ ದಾರಿ ತಪ್ಪದೆ, ಇಲ್ಲ ಹುಲಿ ಹಿಡದದೆ. ಆ ಎತ್ತು ದಾರಿ ತಪ್ಪದೆ. ನೋಡ್ತಿರು, ಕೊನೇ ಕಂತಲ್ಲಿ ಯಜಮಾನ ಹಗ್ಗ ಹಿಡ್ಕಂಡು ಬತ್ತಾನೆ."

"ಎತ್ತು ಈದಿದೆ ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ ನೀವಿಬ್ಬರೂ," ಎಂದು ನಾನು ರೇಗಿದೆ. ಕಾಣೆಯಾದ ಮ್ಯಾನೇಜರನೇ ಆ ಎತ್ತು ಎನ್ನುವುದು ನನ್ನ ವಾದ. ದುಡಿದು ದುಡಿದು ಹಾಗಾಗಿದ್ದಾನೆ. ಇದಕ್ಕೆ ಆಧಾರ ಏನೆಂದು ಯಾರಾದರೂ ಕೇಳಿದರೆ ಕೈಯಲ್ಲಿದ್ದ ಕತ್ತರಿಯನ್ನು ಟೇಬಲ್ಲಿಗೆ ಕುಟ್ಟುತ್ತಿದ್ದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು, ಇದು ಪೇಟೆಗೆಲ್ಲ ಗೊತ್ತಿರುವ ಸಂಗತಿ. ನಿಜ ಹೇಳಬೇಕೆಂದರೆ ಅಷ್ಟು ಖುಷಿಯಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಬೆಳಗ್ಗೆ ಎದ್ದರೆ ಯಾವಾಗ ಅಂಗಡಿಗೆ ಹೋಗಿ ಅಕ್ಕನ ಬಾಯಿ ಮುಚ್ಚಿಸಲಿ ಎನ್ನುವ ಆತುರ. ತಿಂಡಿ ಬೇಯುತ್ತಿರುವಾಗ ಹೊಸ ಪಾಯಿಂಟು ಹೊಳೆದು, ಎರಡು ಸಲ ಉಪ್ಪಿಟ್ಟು ತಳ ಹಿಡಿಸಿದ್ದೇನೆ.

ಆದರೆ ಎತ್ತಿಗಿಂತ, ರೇಡಿಯೋಗಿಂತ ನಮ್ಮನ್ನು ಹಿಡಿದದ್ದು ಮೂರನೇ ಮಹಡಿಯ ಕಿಟಕಿ. ಅಲ್ಲೊಬ್ಬ ಹೆಂಗಸು ಕೂತು ಫ್ರಾಕು ಹೊಲಿಯುತ್ತಿರುತ್ತಾಳೆ ಎಂದು ಚೇಚಿ ಮೊದಲನೇ ಕಂತಿನಲ್ಲೇ ಹೇಳಿದ್ದಳು. ಹಳದಿ ಬಟ್ಟೆ, ಪಫ್ ತೋಳು, ಹಿಂದಕ್ಕೆ ಕಟ್ಟುವ ಪಟ್ಟಿ. ನಾವು ಮೂವರೂ ಒಟ್ಟಿಗೆ ಕೆಲಸ ನಿಲ್ಲಿಸಿದೆವು. ಸೀರಿಯಲ್ಲಿನಲ್ಲಿ ಒಬ್ಬ ಟೈಲರು!

"ಅಳತೆ ಎಷ್ಟಿರ್ಬೋದು?" ಎಂದು ನಾನು ಕೇಳಿದೆ. ಬೇರೆ ಯಾರಾದರೂ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಟೈಲರು ಕೇಳದೆ ಇರುವುದಿಲ್ಲ.

ಚೇಚಿ ಮೊಬೈಲನ್ನು ಹತ್ತಿರ ಹಿಡಿದು ನೋಡಿದಳು. "ಎದೆ ಇಪ್ಪತ್ತೆರಡು," ಎಂದಳು.

ಎರಡನೇ ಕಂತಿನಲ್ಲಿ ಅದೇ ಬಣ್ಣದ ಫ್ರಾಕು, ಎದೆ ಇಪ್ಪತ್ತಮೂರು. ಮೂರನೆಯದರಲ್ಲಿ ಇಪ್ಪತ್ತನಾಲ್ಕು. ನಮಗೆ ರೋಮಾಂಚನವಾಯಿತು. ಫ್ರಾಕು ಬೆಳೆಯುತ್ತಿತ್ತು! ಮಗು ಮಾತ್ರ ಒಂದು ಸಲವೂ ಕಾಣಿಸುತ್ತಿರಲಿಲ್ಲ. ಟೇಬಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಲೆಕ್ಕ ಹಾಕಿದೆ. ಇಪ್ಪತ್ತೆರಡು ಅಂದರೆ ನಾಲ್ಕು ವರ್ಷದ ಮಗು, ಕಂತಿಗೊಂದು ವರ್ಷ. ಲಾಡ್ಜಿನ ಬೇರೆಯವರಿಗೆ ಒಂದು ದಿನ ಕಳೆದರೆ ಆ ಕಿಟಕಿಯ ಹಿಂದೆ ಒಂದು ವರ್ಷ ಕಳೆಯುತ್ತಿದೆ. ಅಷ್ಟು ದೊಡ್ಡ ವಿಷಯವನ್ನು ಅಳತೆ ಟೇಪಿನಿಂದ ಕಂಡುಹಿಡಿದವಳು ನಾನು ಎಂದು ಆ ರಾತ್ರಿ ನನ್ನ ಗಂಡನಿಗೆ ಹೇಳಿದೆ. ಆ ಮನುಷ್ಯ "ಹೌದಾ" ಎಂದು ಮಗ್ಗುಲು ಬದಲಿಸಿದರು.

ಅಲ್ಲಿಂದ ಜಗಳ ಎರಡು ಪಕ್ಷವಾಯಿತು. ಮಗು ಬಂದೇ ಬರುತ್ತದೆ ಎಂದು ನಾನು. ಬರುವುದಿಲ್ಲ ಎಂದು ಅಕ್ಕ.

"ಕಣ್ಮುಂದೆ ಇರೋ ಮಗೀಗೆ ಯಾರಾದ್ರೂ ಅಂದಾಜ್ನಲ್ಲಿ ಒಲೀತಾರಾ?" ಎನ್ನುತ್ತಿದ್ದಳು ಅಕ್ಕ. "ಆ ಕೂಸು ಇವಳನ್ನ ಎಂದೋ ಮರ್ತದೆ. ಮರ್ತ ಕೂಸು ತಿರುಗಿ ಬಂದದ್ದ ನಾ ಕಾಣೆ."

"ಹೆತ್ತವಳನ್ನ ಮರೆಯೋದು ಅಂದ್ರೆ ಚಪ್ಪಲಿ ಮರೆತು ಬಂದ ಹಾಗಾ?" ಎಂದು ನಾನು. "ಅಳತೆ ಹೆಚ್ಚುತ್ತಿದೆ ಅಂದರೆ ಮಗು ಎಲ್ಲೋ ಬೆಳೀತಾ ಇದೆ. ಬೆಳೆದ ಮಗುವಿಗೆ ಬುದ್ಧಿ ಬರುತ್ತೆ. ಬುದ್ಧಿ ಬಂದ ಮೇಲೆ ಮೆಟ್ಟಿಲು ಹತ್ತಿ ಬರುತ್ತೆ. ಬರದಿದ್ದರೆ ನನ್ನ ಹೆಸರು ಬದಲಾಯಿಸು."

ಹಂಗಳದವಳು ಒಂದು ದಿನ ನನ್ನ ಕಡೆ, ಒಂದು ದಿನ ಅಕ್ಕನ ಕಡೆ, ಯಾರು ಕಾಫಿ ತರಿಸಿದರೆ ಅವರ ಕಡೆ. ಚೇಚಿ ಮಾತ್ರ ಯಾವ ಕಡೆಯೂ ಇರಲಿಲ್ಲ. ಹುಕ್ಕು ಕೂರಿಸುತ್ತಾ ಕೇಳುತ್ತಿದ್ದಳು. ನಾವು ಜಗಳ ಮರೆತ ದಿನ ಅವಳೇ ನನ್ನನ್ನು ಕೇಳಿ ಎತ್ತಿಕೊಡುತ್ತಿದ್ದಳು: "ಅಕ್ಕ, ಆ ಮಗು ಬರ್ತದೆ ಅಂತ ನಿಮಗೆ ಶೆರಿಕ್ಕುಂ, ನಿಜವಾಗ್ಲೂ ಅನ್ನಿಸ್ತದಾ?" ನಾನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಮೆಚ್ಚಿ ಕೇಳುತ್ತಿದ್ದಾಳೆ ಎಂದುಕೊಂಡು ಉಬ್ಬುತ್ತಿದ್ದೆ.

ಒಂಬತ್ತನೇ ಕಂತಿಗೆ ಸೀರಿಯಲ್ ಮುಗಿಯಿತು. ಮುಗಿಯಿತು ಅಂದರೆ ನಿಂತಿತು. ಎತ್ತು ಲಿಫ್ಟಿನಿಂದ ಇಳಿದು ಕೌಂಟರಿನ ಮುಂದೆ ನಿಂತಿತು, ರೇಡಿಯೋದಲ್ಲಿ ಹೆಸರೇ ಇರಲಿಲ್ಲ, ಪರದೆ ಬೆಳ್ಳಗಾಯಿತು. ಕಿಟಕಿಯ ಫ್ರಾಕು ಮೂವತ್ತಕ್ಕೆ ಬಂದಿತ್ತು. ಮಗು ಬರಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಅವತ್ತು ನಾವು ಕಿರುಚಾಡಿದ್ದಕ್ಕೆ ಕೆಳಗಿನ ಬೇಕರಿಯವನು ಮೆಟ್ಟಿಲು ಹತ್ತಿ ಬಂದು, ಯಾರಿಗಾದರೂ ಕರೆಂಟು ಹೊಡೆಯಿತಾ ಎಂದು ಕೇಳಿದ.

ಆ ಕಿರುಚಾಟದ ನಡುವೆ ಬ್ಲೌಸು ತೆಗೆದುಕೊಳ್ಳಲು ಬಂದಿದ್ದ ಒಬ್ಬ ಮೇಡಂ ಬಾಗಿಲಲ್ಲೇ ನಿಂತು ನಗುತ್ತಿದ್ದರು. ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುವವರು. ಅವರಿಗೂ ಅದೇ ಸೀರಿಯಲ್ಲಿನ ಹುಚ್ಚಂತೆ. ಅಲ್ಲಿ ಇಪ್ಪತ್ತು ಜನರ ಒಂದು ಗುಂಪೇ ಇದೆಯಂತೆ, ಬರುವ ಭಾನುವಾರ ಎಲ್ಲರೂ ಸೇರಿ ಚರ್ಚೆ ಮಾಡುತ್ತಾರಂತೆ. "ನೀವೂ ಬನ್ನಿ" ಎಂದರು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಏಳನೇ ಕ್ಲಾಸು ಓದಿದ ನಾನು ಕಾಲೇಜಿನವರ ಜೊತೆ ಚರ್ಚೆ ಮಾಡುವುದು!

ಚೇಚಿ ಬರುವುದಿಲ್ಲ ಎಂದಳು. ಊರು ಯಾವುದೆಂದು ಗೊತ್ತಿದ್ದ ನಾನು ಅಲ್ಲಿಗೇ ಸುಮ್ಮನಾಗಬೇಕಿತ್ತು. ಕಥೆ ನಿನ್ನ ಬಾಯಲ್ಲಿ ಇರುವಾಗ ನೀನಿಲ್ಲದೆ ನಾವು ಹೋಗಿ ಏನು ಮಾಡೋಣ ಎಂದು ಮೂರು ದಿನ ಪೀಡಿಸಿದೆ. ಕೊನೆಗೆ ಒಪ್ಪಿದಳು. ಭಾನುವಾರ ಬಸ್ಸಿನಲ್ಲಿ ತೆರಕಣಾಂಬಿ ದಾಟುತ್ತಿದ್ದ ಹಾಗೆ ಸೆರಗನ್ನು ತಲೆ ತುಂಬ ಹೊದ್ದುಕೊಂಡಳು. "ಅಲ್ಲಿ ಫ್ರಾಕಿನ ವಿಷಯ ಎತ್ತಬೇಡಿ ಅಕ್ಕ. ವೇಂಡ," ಎಂದಳು. ಅದೇ ನನ್ನ ತುರುಪು, ಅದನ್ನೇ ಎತ್ತಬೇಡ ಎಂದರೆ ನನಗೆ ಉರಿಯುವುದಿಲ್ಲವೆ? ನನಗೆ ಹೆಸರು ಬರುವುದನ್ನು ಇವಳು ಸಹಿಸುತ್ತಿಲ್ಲ ಎಂದುಕೊಂಡೆ. ಹೀಗೆ ಬರೆಯಲು ಈಗ ನಾಚಿಕೆಯಾಗುತ್ತದೆ.

ಜೆರಾಕ್ಸ್ ಅಂಗಡಿಯ ಮೇಲಿನ ಟ್ಯೂಷನ್ ರೂಮು. ಬೋರ್ಡಿನ ಮೇಲೆ ಯಾರೋ ಲಾಡ್ಜಿನ ನಕ್ಷೆ ಬರೆದಿದ್ದರು, ಲಿಫ್ಟು, ಕೌಂಟರು, ಎತ್ತು, ಎಲ್ಲ. ಅದನ್ನು ನೋಡಿ ಹಂಗಳದವಳು ನನ್ನ ಕೈ ಜಿಗುಟಿದಳು. ನಾವು ಕಿವಿಯಲ್ಲಿ ಮಾತ್ರ ಕಂಡಿದ್ದ ಲಾಡ್ಜು ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. ಕನ್ನಡಕದ ಒಬ್ಬ ಹುಡುಗ ಎತ್ತು ಎಂದರೆ ಸರ್ಕಾರ ಎಂದ. ಒಬ್ಬ ನಿವೃತ್ತ ಮೇಷ್ಟ್ರು ಎತ್ತು ಎಂದರೆ ಸಾವು ಎಂದರು. ಅಕ್ಕ ಕೂತಲ್ಲಿಂದಲೇ "ಬಸವ ಕಣಪ್ಪಾ!" ಎಂದು ಗದರಿದಳು. ಮೇಷ್ಟ್ರು ಎದ್ದು ನಿಂತು, ಅಮ್ಮ ಹೇಳಿದ್ದರಲ್ಲೂ ಅರ್ಥವಿದೆ ಎಂದು ಒಪ್ಪಿಕೊಂಡರು. ಒಬ್ಬರ ಮಾತು ಮುಗಿಯುವ ಮೊದಲು ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಥೇಟ್ ನಮ್ಮ ಅಂಗಡಿಯೇ. ಓದಿದವರೂ ನಮ್ಮ ಹಾಗೇ ಕಚ್ಚಾಡುವುದನ್ನು ನೋಡಿ ನನ್ನ ಭಯವೆಲ್ಲ ಹೋಯಿತು.

ನಾನು ಎದ್ದು ನಿಂತೆ. ಮೂರನೇ ಮಹಡಿ, ಕಿಟಕಿ, ಹಳದಿ ಫ್ರಾಕು, ಇಪ್ಪತ್ತೆರಡರಿಂದ ಮೂವತ್ತು, ಕಂತಿಗೊಂದು ವರ್ಷ, ಎಲ್ಲ ಹೇಳಿದೆ. ಬೋರ್ಡಿನ ಮೇಲೆ ಅಳತೆಯನ್ನೂ ಬರೆದೆ. ಹೇಳಿ ಮುಗಿಸಿ ತಿರುಗಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಗೆದ್ದೆ ಎಂದುಕೊಂಡೆ.

ಕಾಲೇಜಿನ ಮೇಡಂ ಮೆಲ್ಲಗೆ ಕೇಳಿದರು, "ಇದು ನಿಮ್ಮ ಊಹೆ ಅಲ್ವಾ?"

"ಊಹೆ ಯಾಕೆ? ಒಂಬತ್ತು ಕಂತಿನಲ್ಲೂ ಇದೆಯಲ್ಲ."

"ಆ ಕಿಟಕಿ ಒಂದು ಸಲವೂ ತೆರೆಯೋದಿಲ್ಲ. ಅದರ ಹಿಂದೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಅದೇ ನಮ್ಮ ದೊಡ್ಡ ಚರ್ಚೆ."

ಕನ್ನಡಕದ ಹುಡುಗ ತನ್ನ ಮೊಬೈಲಿನಲ್ಲಿ ತೆಗೆದು ತೋರಿಸಿದ. ಎರಡು ತಿಂಗಳು ಆ ಸೀರಿಯಲ್ಲಿನ ಬಗ್ಗೆ ಬಡಿದಾಡಿದ ನಾನು ಅದನ್ನು ಕಣ್ಣಾರೆ ನೋಡಿದ್ದು ಅದೇ ಮೊದಲು. ಮೂರನೇ ಮಹಡಿ, ಹಸಿರು ಬಣ್ಣದ ಕಿಟಕಿ, ಗಟ್ಟಿಯಾಗಿ ಮುಚ್ಚಿತ್ತು. ಮುಂದಿನ ಕಂತಿನಲ್ಲೂ ಮುಚ್ಚಿತ್ತು. ಹಿಂದಿನಿಂದ ಮೇಷ್ಟ್ರು "ಆಹಾ, ಅದ್ಭುತ! ಫ್ರಾಕು ಬೆಳೀತಾ ಹೋಗುತ್ತೆ!" ಎಂದರು. ರೂಮಿಗೆ ರೂಮೇ ಗಲಗಲ ಎನ್ನತೊಡಗಿತು. ಫ್ರಾಕನ್ನು ಆಗಲೇ ಅವರು ಹಿಡಿದುಕೊಂಡಿದ್ದರು. ಆ ಮಗು ಬರುತ್ತದಾ, ಬರುವುದಿಲ್ಲವಾ ಎಂದು ಎರಡು ಪಕ್ಷವೂ ಆಗಿಹೋಯಿತು.

ನಾನು ಚೇಚಿಯ ಕಡೆ ನೋಡಿದೆ. ಅವಳು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕುತ್ತಿದ್ದಳು.

ಕೆಳಗೆ ರಸ್ತೆಯಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ. ಬೈಯಬೇಕೆಂದು ಬಾಯಿ ತೆರೆದವಳು, ಆ ಮುಖ ನೋಡಿದ ಮೇಲೆ ಮುಚ್ಚಿದೆ. ಇಪ್ಪತ್ತೆರಡು ಅಂದರೆ ನಾಲ್ಕು ವರ್ಷ. ಸೀಮೆಸುಣ್ಣದಲ್ಲಿ ಬರೆದವಳು ನಾನೇ, ಅದಕ್ಕೆ ಎಂಟು ವರ್ಷ ಕೂಡಿದವಳೂ ನಾನೇ. ಅಷ್ಟು ಲೆಕ್ಕ ಹಾಕಿದ ತಲೆಗೆ ಮುಖ್ಯವಾದದ್ದು ಹೊಳೆದಿರಲಿಲ್ಲ.

ಮೊದಲು ಅತ್ತವಳು ಅಕ್ಕ. "ಅಯ್ಯೋ ಶಿವನೇ, ನಿನ್ನ ಕೂಸು ನಿನ್ನ ಮರ್ತದೆ ಅಂತ ನಾನು ದಿನಾ ನಿನ್ ಮುಂದೇ ಒದರ್ತಿದ್ನಲ್ಲಾ. ಒಂದ್ ದಿನನಾದ್ರೂ ಬಾಯ್ಮುಚ್ಚು ಮುದ್ಕಿ ಅನ್ಬಾರ್ದಾಗಿತ್ತಾ?"

"ಪರವಾಗಿಲ್ಲ ಅಕ್ಕ," ಎಂದಳು ಚೇಚಿ. "ನೀವು ಹಾಗೆ ಹೇಳಿದರೇನೇ ಇವರು ಎದ್ದು, ಮಗು ಬರ್ತದೆ ಅಂತ ಹೇಳ್ತಿದ್ದದ್ದು. ನನಗೆ ಅದು ದಿನಾ ಕೇಳಬೇಕಿತ್ತು."

ಮಗಳಿರುವ ಮನೆ ಎಲ್ಲಿ ಎಂದು ಹಂಗಳದವಳು ಕೇಳಿದಳು. ಎರಡು ಬೀದಿ ಆಚೆ. ಹೋಗಿ ಬರೋಣ ಎಂದು ನಾನೇ ಹೇಳಬೇಕಿತ್ತು. ಎರಡು ತಿಂಗಳು ಕತ್ತರಿ ಕುಟ್ಟಿ ಕುಟ್ಟಿ ಮಗು ಬರುತ್ತದೆ ಎಂದವಳು ನಾನು ತಾನೆ? ನನಗೆ ಹೆದರಿಕೆಯಾಯಿತು. ಸೀರಿಯಲ್ಲಿನ ಮಗು ಬರದಿದ್ದರೆ ಬೈದುಕೊಂಡು ಕಾಫಿ ಕುಡಿಯಬಹುದು. ಈ ಮಗು ಮತ್ತೆ "ಇವ್ರು ಯಾರಜ್ಜಿ" ಎಂದರೆ ಇವಳನ್ನು ಯಾವ ಬಸ್ಸಿನಲ್ಲಿ ಕೂರಿಸಿಕೊಂಡು ವಾಪಸ್ಸು ಕರೆತರುವುದು?

ಅಕ್ಕ ಮೂಗು ಒರೆಸಿಕೊಂಡು ಸೆರಗು ಸಿಕ್ಕಿಸಿದಳು. "ನಡೀರಿ ಓಗನ. ಬರಾಕಿಲ್ಲ ಅಂತ ಅಂದೋಳು ನಾನು. ನಾನು ಸೋಲ್ಬೇಕು ಕಣವ್ವಾ ಇವತ್ತು. ನನ್ನ ಕಣ್ಮುಂದೇನೇ ಸೋಲ್ಬೇಕು."

ಹೆಂಚಿನ ಮನೆ, ಮುಂದೆ ಜಗುಲಿ. ಬಾಗಿಲು ತೆರೆದದ್ದು ಹುಡುಗಿಯೇ. ಎಣ್ಣೆ ಹಚ್ಚಿ ಎರಡು ಜಡೆ, ಕೈಯಲ್ಲಿ ನೋಟ್‌ಬುಕ್ಕು. ಅವಳು ನಮ್ಮ ನಾಲ್ವರನ್ನೂ ನೋಡಿದಳು. ನೋಟ ಚೇಚಿಯ ಹತ್ತಿರ ಬಂದು ಅಲ್ಲೇ ನಿಂತಿತು.

"ಯಾರು ಬೇಕಿತ್ತು?" ಎಂದಳು.

ಚೇಚಿ ಒಂದು ಹೆಜ್ಜೆ ಹಿಂದೆ ಇಟ್ಟಳು. ಇನ್ನೊಂದು ಹೆಜ್ಜೆ ಇಟ್ಟರೆ ರಸ್ತೆ, ಆಮೇಲೆ ಮತ್ತೆ ಎಂಟು ವರ್ಷ. ನನಗೆ ಏನು ತೋಚಿತೋ, ಮೂವತ್ತು ವರ್ಷದಿಂದ ಬಾಯಿಗೆ ಅಂಟಿಕೊಂಡ ಮಾತು ತಾನಾಗಿ ಬಂತು.

"ಅಳತೆ ತಗೊಳ್ಳೋಕೆ ಬಂದಿದೀವಿ ಪುಟ್ಟಿ."

ಬ್ಯಾಗಿನಿಂದ ಟೇಪು ತೆಗೆದು ಚೇಚಿಯ ಕೈಗೆ ತುರುಕಿದೆ. ಒಳಗಿನಿಂದ ಒಂದು ಮುದಿ ದನಿ "ಯಾರಮ್ಮಿ ಅದು?" ಎಂದಿತು. ಹುಡುಗಿ ಇನ್ನೂ ಚೇಚಿಯನ್ನೇ ನೋಡುತ್ತಿದ್ದಳು. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಟೈಲರು ಅಜ್ಜಿ," ಎಂದು ಹುಡುಗಿ ಒಳಕ್ಕೆ ಕೂಗಿ ಹೇಳಿದಳು. "ನನ್ನ ಅಳತೆಗೆ ಬಂದವ್ರೆ."

ಆಮೇಲೆ ನೋಟ್‌ಬುಕ್ಕನ್ನು ಜಗುಲಿಯ ಮೇಲಿಟ್ಟು, ನೆಟ್ಟಗೆ ನಿಂತು, ಎರಡೂ ಕೈ ಎತ್ತಿದಳು.

ಚೇಚಿ ಟೇಪನ್ನು ಅವಳ ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತಂದಳು. ಕಣ್ಣು ಮುಚ್ಚಿಕೊಂಡು ಹುಕ್ಕು ಕೂರಿಸುವ ಆ ಬೆರಳುಗಳು ಟೇಪಿನ ತುದಿಯನ್ನು ಎದೆಯ ಮುಂದೆ ಕೂಡಿಸಲು ಮೂರು ಸಲ ಒದ್ದಾಡಿದವು. "ಮೂವತ್ತೊಂದು," ಎಂದಳು. ನಮ್ಮ ಲೆಕ್ಕಕ್ಕಿಂತ ಒಂದಿಂಚು ಹೆಚ್ಚು ಬೆಳೆದಿತ್ತು ಮಗು. ಅಕ್ಕ ನನ್ನ ಕಿವಿಯಲ್ಲಿ "ಸೋತೆ ಕಣವ್ವಾ" ಎಂದು ಅಳುತ್ತಾ ನಗುತ್ತಿದ್ದಳು. ಚೇಚಿ ಟೇಪನ್ನು ಬಿಟ್ಟಳು, ಅದು ನೆಲಕ್ಕೆ ಬಿತ್ತು. ಹುಡುಗಿ ಎತ್ತಿದ ಕೈಯನ್ನು ಇಳಿಸಲಿಲ್ಲ.